ಇಟ್ಕೊಳ್ಳೋ ಡಿಸ್ಕು, ಮಾರೋ ಡಿಸ್ಕು

ನನ್ನ ಹಳೇ ಕಾರಿನ ಬ್ರೇಕ್ ಡಿಸ್ಕು, ಪ್ಯಾಡು ಎರಡೂ ಸವೆದಿದ್ದವು. ಮೆಕ್ಯಾನಿಕ್ ಡಿಸ್ಕ್ ಬಿಚ್ಚಿ ಪೇಪರ್‌ನಲ್ಲಿ ಸುತ್ತಿ, "ಇದೇ ಸ್ಯಾಂಪಲ್ ತೋರ್ಸಿ ತನ್ನಿ ಸಾರ್" ಅಂದ. ತಿಲಕ್ ನಗರದ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋದೆ.

ಅಂಗಡಿಯವರು ಸ್ಯಾಂಪಲ್ ಬಿಚ್ಚಿಯೂ ನೋಡದೆ, ಕಾರಿನ ಹೆಸರು ಕೇಳಿ ಎರಡು ಡಬ್ಬಿ ತಂದಿಟ್ಟರು.

"ಗಾಡಿ ಇಟ್ಕೋತೀರಾ, ಮಾರ್ತೀರಾ?"

"ಯಾಕೆ?"

"ಇಟ್ಕೊಳ್ಳೋರಿಗೆ ಇದು. ಮಾರೋರಿಗೆ ಅದು."

"ಮಾರೋ ಗಾಡಿಗೆ ಬ್ರೇಕ್ ಹಿಡೀಬೇಡ್ವಾ?"

"ಹಿಡಿಯುತ್ತೆ ಸಾರ್. ಟೆಸ್ಟ್ ಡ್ರೈವ್‌ಗೆ ಏನೂ ಮೋಸ ಇಲ್ಲ."

ನನಗೆ ಮೈ ಉರಿಯಿತು. ಕೊಂಡವನಿಗೂ ಹೆಂಡತಿ ಮಕ್ಕಳು ಇರ್ತಾರೆ, ಮನಸ್ಸಾಕ್ಷಿ ಅನ್ನೋದು ಬೇಡವಾ ಅಂತ ಭಾಷಣ ಬಿಗಿದೆ. ಅವರು ತಲೆಯಾಡಿಸುತ್ತಲೇ ನನ್ನ ಸ್ಯಾಂಪಲ್ ಬಿಚ್ಚಿ, ಅಂಚಿನ ಮುದ್ರೆ ನೋಡಿ, ಅದನ್ನು ಎರಡನೇ ಡಬ್ಬಿಯ ಪಕ್ಕ ಇಟ್ಟರು. ಡಿಸ್ಕಿನ ಮೇಲೂ ಆ ಡಬ್ಬಿಯ ಮೇಲೂ ಒಂದೇ ಕಂಪನಿಯ ಹೆಸರು.

"ಸೆಕೆಂಡ್ ಹ್ಯಾಂಡ್ ತಗೊಂಡ್ರಾ ಸಾರ್?"

ಹೌದು. ಕೊಟ್ಟವರು ಸುಬ್ರಹ್ಮಣ್ಯಪುರದ ರಿಟೈರ್ಡ್ ಮೇಷ್ಟ್ರು. ಹಣೆ ತುಂಬ ವಿಭೂತಿ. "ಮನೆ ಮಗಳ ಥರ ನೋಡ್ಕೊಂಡಿದ್ದೀನಿ, ಹೋದ ತಿಂಗಳಷ್ಟೇ ಹೊಸ ಬ್ರೇಕ್ ಹಾಕ್ಸಿದೀನಿ" ಅಂದಿದ್ದರು. ಚಕ್ರದಡಿ ನಿಂಬೆಹಣ್ಣನ್ನೂ ಅವರೇ ಇಟ್ಟು ಕಳಿಸಿದ್ದರು. ಎರಡು ವರ್ಷ ನನ್ನ ಸಂಸಾರವನ್ನು ಕಾಪಾಡಿದ್ದು ಬಹುಶಃ ಆ ನಿಂಬೆಹಣ್ಣೇ.

ನಾನು ಮೊದಲನೇ ಡಬ್ಬಿಯನ್ನೇ ತಗೊಂಡೆ. ಅವರು ಆ ಕಡೆ ತಿರುಗಿದಾಗ ಎರಡನೇದರ ಫೋಟೋ ಹೊಡ್ಕೊಂಡೆ. ಗಾಡಿಯನ್ನ ಎಂದಾದರೂ ಮಾರಲೇಬೇಕಲ್ಲ.