ಹೊಳೆಯ ಗುರುತಿನ ಮೇಲೆ ಬಣ್ಣ

ಚಿಗವ್ವನ ಕೊರಳಲ್ಲಿ ಸದಾ ಅಳತೆ ಟೇಪು ಜೋತಾಡುತ್ತಿತ್ತು, ತುಟಿಗಳ ನಡುವೆ ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ನಗುವಳು, ಬೈಯುವಳು. ನನ್ನ ತಾಯಿಯ ಈ ತಂಗಿ ಕಲಾದಗಿಯಲ್ಲಿ ಖಣದ ಕುಪ್ಪಸ ಹೊಲಿಯುತ್ತಿದ್ದಳು. ಒಂದು ಹೊಲಿಗೆ ಸೊಟ್ಟಗಾದರೂ ಬಿಚ್ಚಿ ಮತ್ತೆ ಹಾಕುವಳು. "ನೋಡೋರಿಗಲ್ಲ, ತೊಡೋರಿಗೆ ಹೊಲೀಬೇಕು" ಎನ್ನುವಳು.

ಒಂದು ಮಳೆಗಾಲ ಘಟಪ್ರಭೆ ಮನೆಯೊಳಗೆ ನುಗ್ಗಿತು. ನೀರು ಇಳಿದ ಮೇಲೆ ಹೊರಗೋಡೆಯ ಮೇಲೆ, ಕಿಟಕಿಯ ಮಟ್ಟಕ್ಕೆ, ಕೆಸರಿನ ಗೆರೆ ಉಳಿಯಿತು. ಹೆದರಿದ ಚಿಗವ್ವ ಸಾಲ ಮಾಡಿ ಬಾಗಲಕೋಟೆಯಲ್ಲಿ ಪುಟ್ಟ ಮನೆ ಕೊಂಡಳು. ಕಲಾದಗಿಯ ಮನೆಯನ್ನು ಮಾರಬೇಕಿತ್ತು. ಗೆರೆ ಕಂಡವರು ಹಾಗೇ ಹಿಂದಿರುಗುತ್ತಿದ್ದರು. ಕೊನೆಗೆ ಕೆಳಗೆ ಕಾವಿ, ಮೇಲೆ ಹಳದಿ ಬಳಿಸಿದೆವು. ಬಾಗಿಲಿಗೆ ವಾರ್ನಿಶ್, ಕಟ್ಟೆಯ ಮೇಲೆ ಹೂವಿನ ಕುಂಡ. ಮನೆ ಮದುವಣಗಿತ್ತಿಯಂತಾಯಿತು.

ಟೆಂಪೋ ಓಡಿಸುವ ಹುಡುಗನೊಬ್ಬ ಬಸುರಿ ಹೆಂಡತಿಯೊಂದಿಗೆ ಬಂದ. ಆಕೆ ಗೋಡೆ ಸವರಿ, "ಭಾಳ ಚಂದ ಐತ್ರಿ ಮನಿ" ಎಂದಳು. ಚಿಗವ್ವ ನಗಲಿಲ್ಲ. ಹಿಂಬಾಗಿಲ ಚಿಲಕ ಬಿಗಿಯೆಂದಳು, ಬಚ್ಚಲ ಮೋರಿ ಕಟ್ಟಿಕೊಳ್ಳುತ್ತದೆಂದಳು, ಹೆಂಚೊಂದು ಸೋರುತ್ತದೆಂದಳು. ನೀರಿನ ಸುದ್ದಿ ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮನೆಯನ್ನು ಅವರಿಗೆ ಮಾರಿ ಬಾಗಲಕೋಟೆಗೆ ಬಂದ ಮೇಲೆ ಚಿಗವ್ವ ಮಾತು ಕಡಿಮೆ ಮಾಡಿದಳು. ಮೋಡ ಕವಿದರೆ ಮಷೀನು ನಿಲ್ಲಿಸಿ ಹೊರಗೆ ಬಂದು ನಿಲ್ಲುವಳು. ಮುಂದಿನ ಮಳೆಗಾಲ ಹೊಳೆ ಏರುತ್ತಿದೆಯೆಂಬ ಸುದ್ದಿ ಬಂದದ್ದೇ ತಡ, ನನ್ನನ್ನೂ ಎಳೆದುಕೊಂಡು ಕಲಾದಗಿಯ ಬಸ್ಸು ಹತ್ತಿದಳು. ಓಣಿಯ ತುದಿಯಲ್ಲಿ ಆಗಲೇ ನೀರು ಮಿಂಚುತ್ತಿತ್ತು.

"ನಡೀರಿ, ನಮ್ಮ ಮನಿಗೆ ನಡೀರಿ" ಎಂದಳು ಚಿಗವ್ವ.

"ಹೊಳಿ ಇಲ್ಲಿತನ ಬರಂಗಿಲ್ಲ ಬಿಡ್ರಿ" ಎಂದ ಹುಡುಗ.

"ಬರ್ತೈತಿ ತಮ್ಮಾ. ಕಿಟಕಿ ಮಟ ಬಂದಿತ್ತು. ಅದರ ಗುರುತು ನಾನ ಬಣ್ಣ ಹಚ್ಚಿಸಿ ಮುಚ್ಚೇನಿ."

ಅವನ ಹೆಂಡತಿ ಕಿಟಕಿಯ ಕೆಳಗೆ ಕಟ್ಟಿದ್ದ ತೊಟ್ಟಿಲನ್ನು ನೋಡಿದಳು, ಆಮೇಲೆ ಚಿಗವ್ವನನ್ನು ನೋಡಿದಳು. ಕೂಸನ್ನೆತ್ತಿಕೊಂಡು ಹೊರಗೆ ನಡೆದಳು. ಸಂಜೆಯ ಹೊತ್ತಿಗೆ ಆ ಮನೆಯಲ್ಲಿ ಎದೆಮಟ್ಟ ನೀರು ನಿಂತಿತ್ತು.

ಅವರನ್ನು ಚಿಗವ್ವ ಮತ್ತೆ ಅಲ್ಲಿಗೆ ಕಳಿಸಲಿಲ್ಲ. ಬಾಗಲಕೋಟೆಯ ಮನೆಯನ್ನು ಅವರ ಹೆಸರಿಗೆ ಮಾಡಿಸಿ, ಕಲಾದಗಿಯದನ್ನು ತಾನು ವಾಪಸು ಪಡೆದಳು. ನಾನು ರೇಗಿದೆ: "ತಲಿ ಕೆಟ್ಟೈತೇನ ನಿನಗ?"

"ಹೊಳಿ ಏರಿದ್ರ ನಾ ಎದ್ದು ಬರ್ತೇನಿ. ಕೂಸು ಎದ್ದು ಬರ್ತೈತೇನು?" ಎಂದಳು.

ಆ ಹುಡುಗಿ ಮನೆ ತೆಗೆದುಕೊಂಡಳು, ಮಾತು ಬಿಟ್ಟಳು. ಹಬ್ಬಕ್ಕೆ ಚಿಗವ್ವ ಕೂಸಿಗೆ ಅಂಗಿ ಹೊಲಿದು ಕಳಿಸಿದರೆ ಮರುಮಾತು ಬರುತ್ತಿರಲಿಲ್ಲ.

ಹೋದ ವರ್ಷ ಚಿಗವ್ವ ಲಕ್ವ ಹೊಡೆದು ಬಾಗಲಕೋಟೆಯ ದವಾಖಾನೆ ಸೇರಿದಳು. ಯಾರು ತಿಳಿಸಿದರೋ, ಮರುದಿನ ಆ ಹುಡುಗಿ ಗಂಜಿಯ ಡಬ್ಬಿ ಹಿಡಿದು ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ ಮಂಚದ ಮೇಲೆ ಕೂತಳು.

ಚಿಗವ್ವ ತೊದಲುತ್ತ ಕೇಳಿದಳು: "ಸಿಟ್ಟು ಹೋತೇನವ್ವಾ?"

"ಇಲ್ಲರಿ. ಬಾಯಿ ತೆಗೀರಿ" ಎಂದಳು ಆಕೆ.

ಚಿಗವ್ವ ತೆಗೆದಳು. ಆ ವಾರವೆಲ್ಲ, ಉಸಿರಿರುವತನಕ, ಬೇರೆ ಯಾರ ಕೈಯಿಂದಲೂ ಉಣ್ಣಲಿಲ್ಲ.