ಬೆಲ್ಲ ಬೇಡವೆಂದ ಕೆರಿಯಮ್ಮ

ಕೆಳದಿಯ ಸುತ್ತಿನ ಹಳ್ಳಿಗಳಲ್ಲಿ ಮದುವೆ ಗೊತ್ತಾಯಿತೆಂದರೆ ವಾಲಗದವರಿಗಿಂತ ಮೊದಲು ಕೆರಿಯಮ್ಮನಿಗೆ ಹೇಳಿ ಕಳಿಸುತ್ತಿದ್ದರು. ಮದುಮಕ್ಕಳು ಕೂರುವ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳುಪಿನಲ್ಲಿ ಮದುಮಕ್ಕಳ ಗೊಂಬೆಗಳಿರುವ ಚಿತ್ತಾರ ಬರೆಯುವುದು ಅವಳ ಕೆಲಸ. ಪುಂಡಿನಾರಿನ ಕುಂಚ ಹಿಡಿದು ಉಸಿರು ಕಟ್ಟಿ ಎಳೆದಳೆಂದರೆ ಎಳೆ ಬಿಗಿದ ದಾರದ ಹಾಗೆ ನಿಲ್ಲುತ್ತಿತ್ತು. ಗಂಡ ಹೊಸನಗರದ ಕಡೆ ಇನ್ನೊಂದು ಸಂಸಾರ ಹೂಡಿ ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ತಮ್ಮಂದಿರು ಶಿವಮೊಗ್ಗದ ಕಡೆ ಹೋಗಿಬಿಟ್ಟಿದ್ದರು. ಹಾಗಾಗಿ ಅವಳಿಗೆ ನೆಂಟರೆಂದರೆ ಗೋಡೆ ಬರೆಸಿಕೊಂಡ ಮನೆಗಳವರೇ. ಯಾರ ಮನೆಯ ಜಗಲಿ ಹತ್ತಿದರೂ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ಮುಂದೆ ಬರುತ್ತಿತ್ತು. ಅದು ನಾಲಿಗೆಯ ಮೇಲೆ ಕರಗುವಷ್ಟು ಹೊತ್ತು ಕೆರಿಯಮ್ಮ ಆ ಮನೆಯವಳು.

ಒಂದು ವರ್ಷ ಅವಳು ಬಲಗಣ್ಣಿನ ಪೊರೆ ತೆಗೆಸಿಕೊಂಡಳು. ಅವಳಿಗೆ ಸಕ್ಕರೆ ಕಾಯಿಲೆ ಇದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ. ಕೆಲವು ವಾರ ಲೋಕವೆಲ್ಲ ತೊಳೆದಿಟ್ಟ ಹಾಗೆ ಕಂಡಿತು. ಆಮೇಲೆ ನೋಟದ ನಡುವೆಯೇ ಒಂದು ಮಸುಕು ಕೂತಿತು. ಆ ಹೊತ್ತಿಗೇ ದುಗ್ಗಮ್ಮನ ಮನೆಯ ಮದುವೆ ಬಂತು. ಗೋಡೆಯ ಮೇಲೆ ಎಳೆದ ಎಳೆ ಸೊಟ್ಟಗೆ ಕಂಡದ್ದರಿಂದ ಕೆರಿಯಮ್ಮ ಅದನ್ನು ತಿದ್ದಿದಳು. ತಿದ್ದಿದ್ದೂ ಸೊಟ್ಟಗೇ ಕಂಡಿತು.

ಹಿಂದೆ ನಿಂತ ಹುಡುಗಿಯರು ಕಿಸಕ್ಕೆಂದರು. "ಕೆರಿಯಕ್ಕ, ಮದುಮಕ್ಳು ಹೆಂಡ ಕುಡ್ದು ನಿಂತಂಗೆ ಐತಲ್ಲೇ!"

"ಮದ್ವೆ ಮನೇಲಿ ಮದುಮಗನೊಬ್ಬನೇ ನೆಟ್ಟಗಿದ್ರೆ ಆತು ಬಿಡ್ರೇ" ಎಂದು ಅವಳೂ ನಕ್ಕಳು. ಊಟ ಮಾಡದೆ ಮನೆಗೆ ಹೋದಳು. ಮರುದಿನ ಬೇರೆ ಯಾರೋ ಆ ಗೋಡೆಯನ್ನು ಕೆಮ್ಮಣ್ಣಿನಿಂದ ಒರೆಸಿ ಮತ್ತೆ ಬರೆದರಂತೆ.

ಸಾಗರದಲ್ಲಿ ಕಣ್ಣಿನ ಡಾಕ್ಟರು ಗಣೇಶಮೂರ್ತಿ ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆ ಇದೆಯೆಂದು ಹೇಳಿ ಮಾತ್ರೆ ಕೊಟ್ಟು, ಸಿಹಿ ಬಿಡಿಸಿದರು. ಎಡಗಣ್ಣಿನಲ್ಲೂ ಪೊರೆ ಬಲಿತಿತ್ತು. ಎರಡನೆಯ ಸಲ ಹೋದಾಗ ಜೊತೆಗೆ ಪಕ್ಕದ ಮನೆಯ ಸೊಸೆ ಹಾಲಮ್ಮ ಇದ್ದಳು, ಸೊಂಟದ ಮೇಲೆ ಎಳೆಗೂಸು.

"ಸಕ್ಕರೆ ಇಳಿದೇ ಇಲ್ಲವಲ್ಲ ಕೆರಿಯಮ್ಮ" ಎಂದರು ಡಾಕ್ಟರು. "ಏನು ತಿಂತೀರಿ?"

"ಸಕ್ರೆ ಮುಟ್ಟಿಲ್ಲ ಸೋಮಿ. ಚಾ ಕೂಡ ಸಪ್ಪೇದೇ ಕುಡೀತೀನಿ."

ಹಾಲಮ್ಮ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಮತ್ತೆ ಮನೆಮನೇಲಿ ತಗಳ ಬೆಲ್ಲ ಎಂತದು ದೊಡ್ಡಮ್ಮ?"

"ಅದೇನು ತಿನ್ನದೇನೇ? ಅದು ಮರ್ಯಾದೆ."

"ಹೊಟ್ಟೆಗೆ ಮರ್ಯಾದೆ ತಿಳಿಯೋದಿಲ್ಲವಮ್ಮ" ಎಂದರು ಡಾಕ್ಟರು. ಕಣ್ಣಿನ ಹಿಂಭಾಗದಲ್ಲಿ ತೆಳುವಾದ ಒಂದು ಪರದೆಯಿದೆ, ನಾವು ಕಂಡದ್ದೆಲ್ಲ ಬೀಳುವುದು ಅದರ ಮೇಲೆ. ಸಕ್ಕರೆ ಹೆಚ್ಚಿರುವಾಗ ಪೊರೆ ತೆಗೆದರೆ ಆ ಪರದೆ ನೀರುಂಡು ಬಾತುಕೊಳ್ಳುವುದುಂಟು. ನೆಟ್ಟಗಿರುವುದು ಸೊಟ್ಟಗೆ ಕಾಣುವುದು ಅದರಿಂದಲೇ. ಬಲಗಣ್ಣಿಗೆ ಹಾಗೇ ಆಗಿರಬೇಕು. "ಸಕ್ಕರೆ ಇಳಿಸಿಕೊಂಡು ಬನ್ನಿ, ಎಡಗಣ್ಣು ಮಾಡೋಣ. ಬಾತುಕೊಳ್ಳೋದೇ ಇಲ್ಲ ಅಂತ ಮಾತು ಕೊಡಲಾರೆ. ಆದರೆ ನಮ್ಮ ಕೈಲಿರೋದು ಇದೊಂದೇ."

ಕಾಂಪೌಂಡರ್ ಒಂದು ಗಾಜಿನ ನಳಿಗೆ, ನೀಲಿ ದ್ರಾವಣದ ಬಾಟಲಿ ಕೊಟ್ಟು ಮೂತ್ರ ಪರೀಕ್ಷಿಸುವುದನ್ನು ಹಾಲಮ್ಮನಿಗೆ ತೋರಿಸಿದ. ಕಾಯಿಸಿದಾಗ ನೀಲಿ ಉಳಿದರೆ ಸಕ್ಕರೆ ಇಲ್ಲ, ಇಟ್ಟಿಗೆಯ ಕೆಂಪಿಗೆ ತಿರುಗಿದರೆ ತುಂಬ ಇದೆ.

ಆ ವಾರ ದಾರಿಯಲ್ಲಿ ಸಿಕ್ಕ ದುಗ್ಗಮ್ಮ ಕೈಹಿಡಿದು ಮನೆಗೆ ಕರೆದುಕೊಂಡು ಹೋದಳು. ಬೆಲ್ಲದ ತಟ್ಟೆ ಬಂತು. ಕೆರಿಯಮ್ಮ ನೀರಿನ ಚೊಂಬು ಮಾತ್ರ ಎತ್ತಿಕೊಂಡಳು.

"ಯಾಕೆ? ನಮ್ಮನೆ ಬೆಲ್ಲಕ್ಕೆ ಎಂತ ಆಗೈತೆ?"

"ಡಾಕ್ಟ್ರು ಬ್ಯಾಡ ಅಂದಾರೆ ದುಗ್ಗಕ್ಕ."

"ಗೋಡೆ ಅಳಿಸಿದ್ದು ಮನಸಿನಾಗೆ ಇಟ್ಕಂಡೀಯ, ಡಾಕ್ಟ್ರು ಹೆಸ್ರು ಯಾಕೆ ಹೇಳ್ತೀಯ?"

ಕೆರಿಯಮ್ಮ ಬೆಲ್ಲ ಬಾಯಿಗಿಟ್ಟಳು. ದುಗ್ಗಮ್ಮನ ಮುಖ ಅರಳಿತು. ಇನ್ನೊಂದು ಚೂರು ಕೊಟ್ಟಳು. ಅದೂ ಹೋಯಿತು.

ಸಂಜೆ ಹಾಲಮ್ಮ ದೀಪದ ಮೇಲೆ ನಳಿಗೆ ಹಿಡಿದಳು. ನೀಲಿ ಹಸಿರಾಗಿ, ಹಸಿರು ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ನಿಂತಿತು. "ಯಾರ ಮನೇಲಿ?" ಎಂದು ಕೇಳಿದಳು. "ನೀವು ಯಾರ ಮನೀಗೂ ಹೋಗದೇ ಬ್ಯಾಡ ಬಿಡಿ. ಅವ್ರು ಕೊಡದೆ ಇರಲ್ಲ, ನೀವು ಬ್ಯಾಡ ಅನ್ನಲ್ಲ."

ಸಿಟ್ಟಿನಲ್ಲಿ ಅಂದ ಮಾತು. ಕೆರಿಯಮ್ಮ ಅದನ್ನೇ ಹಿಡಿದುಕೊಂಡಳು.

ಮದುವೆಯ ಕಾಲವೆಲ್ಲ ಅವಳು ಹೊಸ್ತಿಲು ದಾಟಲಿಲ್ಲವೆಂದರೂ ಸರಿಯೆ. ನೀರಿಗೆ ಹೋಗುವುದಾದರೆ ಹಿತ್ತಿಲ ದಾರಿ, ಸಂತೆಗೆ ಹೋಗುವುದಾದರೆ ಕೆರೆ ಏರಿಯ ಸುತ್ತುದಾರಿ. ಕರೆಯಲು ಬಂದವರಿಗೆ ಒಳಗಿನಿಂದಲೇ ಮೈ ಸರಿಯಿಲ್ಲವೆಂದಳು. ಬರುಬರುತ್ತಾ ಕರೆಯುವವರೂ ಕಡಿಮೆಯಾದರು. ಕೆರಿಯಮ್ಮನಿಗೆ ಸೊಕ್ಕು ಬಂದಿದೆ ಎಂಬ ಮಾತು ಹಾಲಮ್ಮನ ಅತ್ತೆಯ ಮೂಲಕ ಅವಳ ಕಿವಿಗೂ ಬಿತ್ತು. ರಾಗಿ ಮುದ್ದೆ, ಸೊಪ್ಪಿನ ಸಾರು, ಮಾತ್ರೆ. ಗಾಳಿ ಈ ಕಡೆ ತಿರುಗಿದಾಗ ದೂರದ ವಾಲಗ ಕೇಳುತ್ತಿತ್ತು. ಯಾರ ಮನೆಯದಿರಬಹುದೆಂದು ಲೆಕ್ಕ ಹಾಕುತ್ತಾ, ಬೆರಳನ್ನು ನೀರಿನಲ್ಲಿ ಅದ್ದಿ ನೆಲದ ಮೇಲೆ ಎಳೆ ಎಳೆಯುವಳು. ಎಡಗಣ್ಣಿಗೆ ಮಂಜು, ಬಲಗಣ್ಣಿಗೆ ಸೊಟ್ಟು. ಕಾಣದಿದ್ದರೂ ಕೈ ಎಳೆಯುತ್ತಿತ್ತು. ಒಂದೊಂದು ದಿನ ಹಾಲಮ್ಮನ ಮಗುವಿನ ಅಳು ಬಿಟ್ಟರೆ ಇನ್ನೊಬ್ಬರ ದನಿಯೇ ಕೇಳುತ್ತಿರಲಿಲ್ಲ.

ನಳಿಗೆಯಲ್ಲಿ ನೀಲಿ ನಿಂತೇ ನಿಂತಿತು, ವಾರಗಟ್ಟಲೆ. ಡಾಕ್ಟರು ಎಡಗಣ್ಣಿನ ಆಪರೇಷನ್ ಮಾಡಿದರು.

ಕಣ್ಣು ಅಲುಗದಿರಲೆಂದು ಎರಡಕ್ಕೂ ಪಟ್ಟಿ, ತಲೆಯ ಎರಡೂ ಕಡೆ ಮರಳಿನ ಚೀಲ. ಕೆಮ್ಮಬಾರದು, ಹೊರಳಬಾರದು. ಪಕ್ಕದ ಮಂಚಗಳಿಗೆ ಬುತ್ತಿ ಬರುವುದು, ಸೊಸೆಯಂದಿರು ಪಿಸುಗುಡುವುದು, ಮೊಮ್ಮಕ್ಕಳನ್ನು ಗದರುವುದು ಎಲ್ಲ ಕೇಳಿಸುತ್ತಿತ್ತು. ಹಾಲಮ್ಮ ಮೊಲೆಹಾಲಿನ ಕೂಸನ್ನು ಬಿಟ್ಟು ಬರುವಂತಿರಲಿಲ್ಲ. ಪಕ್ಕದ ಮಂಚದ ಮುದುಕಿ, "ನಿಮ್ಮೋರು ಯಾವಾಗ ಬತ್ತಾರೆ?" ಎಂದು ಕೇಳಿದಳು. "ಬತ್ತಾರೆ" ಎಂದಳು ಕೆರಿಯಮ್ಮ. ಮುದುಕಿ ಮತ್ತೆ ಆ ಮಾತು ಎತ್ತಲಿಲ್ಲ.

ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಕೆರಿಯಮ್ಮ ಮನೆಗೆ ಬಂದಳು. ದಿನಾ ಬೆಳಗ್ಗೆ ಬಲಗಣ್ಣು ಮುಚ್ಚಿ ಬಾಗಿಲ ಚೌಕಟ್ಟನ್ನು ನೋಡುವಳು. ನೆಟ್ಟಗಿತ್ತು. ಆಪರೇಷನ್ನಾಗಿ ಎಷ್ಟು ವಾರಕ್ಕೆ ಬಲಗಣ್ಣಿಗೆ ಮಸುಕು ಕೂತಿತ್ತೋ ಅಷ್ಟೇ ವಾರ ಎಡಗಣ್ಣಿಗೂ ಆದಾಗ ಬಾಗಿಲು ನೋಡಲು ಹೆದರಿ ಚಾಪೆಯ ಮೇಲೆ ಸುಮ್ಮನೆ ಕೂತಿದ್ದಳು. ಹಾಲಮ್ಮ ಬಂದು ಹೊಸ್ತಿಲ ಮೇಲೆ ನಿಂತು, "ನಾ ಹೆಂಗೆ ಕಾಣ್ತೀನಿ ಹೇಳಿ" ಎಂದಳು.

ಕೆರಿಯಮ್ಮ ಬಲಗಣ್ಣು ಮುಚ್ಚಿಕೊಂಡು ನೋಡಿದಳು. "ಬಡಕಲಾಗೀಯ."

"ಸೊಟ್ಟ ಕಾಣ್ತೀನಾ?"

"ಇಲ್ಲ ಕಣೆ. ಸೊಟ್ಟ ಇಲ್ಲ" ಎಂದು ಎದ್ದು ಬಾಗಿಲ ಚೌಕಟ್ಟಿನತ್ತ ನೋಡಿದಳು.

ಪರದೆ ಬಾತಿಲ್ಲವೆಂದು ಡಾಕ್ಟರೂ ಹೇಳಿದರು. ಪಥ್ಯ ಬಿಡುವಂತಿಲ್ಲವೆಂದೂ ಹೇಳಿದರು.

ಮುಂದಿನ ವರ್ಷದ ಮದುವೆಗಳಲ್ಲಿ ಕರೆ ಬಂದದ್ದು ಒಂದೇ ಮನೆಯಿಂದ, ಹಾಲಮ್ಮನ ತವರಿನಿಂದ. ಕೆರಿಯಮ್ಮ ಅರಿವೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋದಳು. ಬೆಲ್ಲದ ತಟ್ಟೆ ತಂದ ಹೆಂಗಸಿಗೆ ಕೈಮುಗಿದಳು. "ನನ್ನ ಕಣ್ಣು ಉಳೀಬೇಕಲ್ಲವ್ವ." ಆ ಹೆಂಗಸು ತಟ್ಟೆ ಒಳಗೆ ಒಯ್ದಳು. ಆಮೇಲೆ ಬಂದ ನೆಂಟರಿಗೆಲ್ಲ ಅದೇ ತಟ್ಟೆ ಹೊರಗೆ ಬಂದು ಬಂದು ಹೋಯಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಒಳಗೆ ಎಲೆಗಳ ಸದ್ದು, ನಗೆ, ಪಾಯಸ ಬಡಿಸುವವರ ಕೂಗು. ಜಗಲಿಯ ಮೂಲೆಯಲ್ಲಿ ರೊಟ್ಟಿ ಮುಗಿಸಿ ಕೆರಿಯಮ್ಮ ಗೋಡೆಯ ಮುಂದೆ ಬಂದಳು. ಬಲಗಣ್ಣು ಮುಚ್ಚಿ, ಉಸಿರು ಕಟ್ಟಿ, ಮೇಲಿನಿಂದ ಕೆಳಕ್ಕೆ ಒಂದು ಎಳೆ ಎಳೆದಳು. ಅದು ಬಿಗಿದ ದಾರದ ಹಾಗೆ ನಿಂತಿತು.

"ಕೆರಿಯಕ್ಕ, ಉಣ್ಣಕ್ಕೆ ಬರಲ್ವಾ?" ಒಳಗಿನಿಂದ ಯಾರೋ ಕೂಗಿದರು.

"ನಂದು ಆತು, ನೀವು ಉಣ್ರೀ" ಎಂದು, ಅದರ ಪಕ್ಕಕ್ಕೆ ಇನ್ನೊಂದನ್ನು ಎಳೆದಳು.