ಮಿಡಿಗೇಶಿ ಹಳ್ಳದ ಸೊನ್ನೆ

ಶನಿವಾರ ಬೆಳಿಗ್ಗೆ ಆರೂವರೆಗೆ ತುಮಕೂರು ಬಿಟ್ಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೊರಟಗೆರೆಗೆ ಹದಿನಾರು ಮೈಲಿ. ಎಂಬತ್ತು ನಯಾಪೈಸೆ ಕೊಟ್ಟಂತೆ ನೆನಪು, ಎಪ್ಪತ್ತೈದೂ ಇರಬಹುದು. ಟಿಕೆಟು ಕಳೆದಿದೆ, ಆದ್ದರಿಂದ ಖಂಡಿತವಾಗಿ ಹೇಳಲಾರೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಈ ಪ್ರಯಾಣದಲ್ಲಿ ಜಗಳವಾದದ್ದು ಅದರ ಮೇಲೆಯೇ. ಹಾಗಾಗಿ ಮೊದಲೇ ತಿಳಿಸಿಬಿಡುತ್ತೇನೆ.

ನಾನು ಹೊರಟದ್ದು ಮೋಟಾರ್ ಸೈಕಲ್ ಟ್ರಯಲ್ಸ್ ಎಂಬ ಎರಡು ದಿನಗಳ ಸ್ಪರ್ಧೆಗೆ, ಸಂಬಳವಿಲ್ಲದ ವೀಕ್ಷಕನಾಗಿ. ನಮ್ಮ ಕಾಲೇಜಿನ ಮೇಷ್ಟರುಗಳೆಲ್ಲ ಇದನ್ನು ರೇಸು ಎಂದೇ ತಿಳಿದಿದ್ದಾರೆ. ರೇಸಲ್ಲ. ಇಲ್ಲಿ ವೇಗವನ್ನು ಕೇಳುವವರಿಲ್ಲ. ಬಂಡೆಗಳ ನಡುವೆ, ಹಳ್ಳದ ಕಲ್ಲುಗಳ ಮೇಲೆ, ಸುಣ್ಣದ ಎರಡು ಗೆರೆ ಎಳೆದಿರುತ್ತಾರೆ. ಸವಾರ ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಕಾಲು ಊರದೆ ದಾಟಬೇಕು. ಒಮ್ಮೆ ಊರಿದರೆ ಒಂದು ತಪ್ಪಂಕ, ಮತ್ತೆ ಮತ್ತೆ ಊರಿದರೆ ಮೂರು, ನಿಂತರೆ ಅಥವಾ ಬಿದ್ದರೆ ಐದು. ತಪ್ಪು ಕಡಿಮೆ ಇದ್ದವನು ಗೆಲ್ಲುತ್ತಾನೆ. ಆ ಗೆರೆಗಳ ಪಕ್ಕದಲ್ಲಿ ದಿನವಿಡೀ ಬಿಸಿಲಿಗೆ ನಿಂತು ಹಾಳೆಯಲ್ಲಿ ಅಂಕ ಬರೆಯುವವನು ವೀಕ್ಷಕ. ಈ ಕೆಲಸಕ್ಕೆ ಯಾರೂ ಬರುವುದಿಲ್ಲ. ಬಂದವನನ್ನು ಯಾರೂ ಇಷ್ಟಪಡುವುದಿಲ್ಲ.

ಹಿಂದಿನ ವರ್ಷ ನಾನು ಒಂದು ತಪ್ಪು ಮಾಡಿದ್ದೆ. ಐದು ಜನರ ಅಂಕಗಳನ್ನು ಸಂಜೆ ಕೂತು ನೆನಪಿನಿಂದ ಬರೆದೆ. ಒಬ್ಬನ ತಪ್ಪು ಇನ್ನೊಬ್ಬನ ಹೆಸರಿಗೆ ಹೋಯಿತು. ಯಾರಿಗೂ ತಿಳಿಯಲಿಲ್ಲ, ನನಗೆ ತಿಳಿಯಿತು. ಅದಕ್ಕೇ ಈ ಸಲ ಒಂದು ಶಿಸ್ತು ಹಾಕಿಕೊಂಡಿದ್ದೆ: ಗಾಡಿಯ ಹಿಂದಿನ ಚಕ್ರ ಕೊನೆಯ ಗೆರೆ ದಾಟಿದ ಕ್ಷಣವೇ ಬರೆಯುವುದು, ಬರೆಯುವ ತನಕ ಯಾರ ಮುಖವನ್ನೂ ನೋಡದಿರುವುದು. ನಾಲಿಗೆಗೆ ತಾಗಿಸಿ ಬರೆದರೆ ನೇರಳೆ ಬಣ್ಣ ಬರುವ ಪೆನ್ಸಿಲನ್ನೇ ತಂದಿದ್ದೆ. ಅದನ್ನು ಅಳಿಸಲು ಆಗುವುದಿಲ್ಲ.

ಮೊದಲ ದಿನ ಸಿದ್ದರಬೆಟ್ಟದ ತಪ್ಪಲಿನಲ್ಲಿ ನಿಂತೆ. ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಬೆಟ್ಟಕ್ಕೆ ಬಂದವರು ನನ್ನನ್ನು ದಾರಿ ಕೇಳಿದರು, ಒಬ್ಬ ಅಜ್ಜಿ ನೀರು ಕೇಳಿದರು, ಮಧ್ಯಾಹ್ನದ ಊಟ ತರಬೇಕಾಗಿದ್ದ ಜೀಪು ಮೂರೂವರೆಗೆ ಬಂತು. ಸಂಜೆ ಸ್ಪರ್ಧೆಯ ಕಾರ್ಯದರ್ಶಿ ಅದೇ ಜೀಪಿನಲ್ಲಿ ಮಧುಗಿರಿ ದಾಟಿಸಿ, ಮಿಡಿಗೇಶಿಯ ಆಚೆ ಒಂದು ಒಣ ಹಳ್ಳ ತೋರಿಸಿದರು. ಅವರು ಸೈನ್ಯದಿಂದ ನಿವೃತ್ತರಾದವರು, ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. "ನಾಳೆ ಇದು ನಿಮ್ಮದು. ಇದಕ್ಕಿಂತ ಕಷ್ಟದ ಜಾಗ ಇನ್ನೊಂದಿಲ್ಲ," ಎಂದರು. ಕಲ್ಲುಗಳು ನಿಜವಾಗಿಯೂ ಭಯಂಕರವಾಗಿದ್ದವು. ಮಧುಗಿರಿಗೆ ಮರಳಿ ಮುದ್ದೆ, ಹುರುಳಿಕಾಳಿನ ಸಾರು ಉಂಡು ಮಲಗಿದೆ.

ಭಾನುವಾರ ಏಳೂವರೆಗೆ ಹಳ್ಳಕ್ಕೆ ಬಂದು ನೋಡಿದರೆ ಕಲ್ಲುಗಳೇ ಇಲ್ಲ. ಅಂಗಳದಂತೆ ಚೊಕ್ಕಟವಾದ ಮರಳು. ದಡದಲ್ಲಿ ಎಂಟು ಮಂದಿ ರೈತರು ಬೆವರೊರೆಸಿಕೊಳ್ಳುತ್ತ ಕೂತಿದ್ದರು. ಅವರಲ್ಲಿ ಹಿರಿಯ, ಹನುಮಂತಪ್ಪ ಎಂಬಾತ, ಎದ್ದು ಬಂದು ಹೆಮ್ಮೆಯಿಂದ ಹೇಳಿದ:

"ಬನ್ನಿ ಸ್ವಾಮಿ. ಮೋಟ್ರು ಬತ್ತವೆ ಅಂದ್ರು. ಈ ಕಲ್ನಾಗೆ ಹೆಂಗೆ ಹೋದಾವು ಅಂತ ಎಲ್ಲಾನೂ ಎತ್ತಾಕ್ಬುಟ್ಟೊ. ಇನ್ನು ಸಲೀಸು."

ಕಲ್ಲು ಇರಬೇಕಾದದ್ದೇ ಆಟ ಎಂದು ವಿವರಿಸಿದೆ. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಹನುಮಂತಪ್ಪ ಕೇಳಿದ:

"ದಾರಿ ಬುಟ್ಟು ಕಲ್ಮೇಲೆ ಓಡುಸ್ತಾರಾ? ಓದಿದೋರಾ ಅವ್ರು?"

"ಕೆಲವರು."

"ಅದುಕ್ಕೇ ಮತ್ತೆ! ಏಳ್ರಲಾ, ತಿರ್ಗಾ ಹಾಕನ."

ಬೈಯದೆ ಎದ್ದರು. ಆದರೆ ಯಾವ ಕಲ್ಲು ಎಲ್ಲಿತ್ತು? ಹಿಂದಿನ ಸಂಜೆಯಷ್ಟೇ ನೋಡಿದ್ದ ನಾನು ದೊಡ್ಡ ಕಲ್ಲು ಎಡಕ್ಕಿತ್ತು ಎಂದೆ. ಒಬ್ಬ ಬಲಕ್ಕೆ ಎಂದ, ಇನ್ನೊಬ್ಬ ನಡುಮಧ್ಯ ಎಂದ. ಹನುಮಂತಪ್ಪ ಯಾರ ಮಾತನ್ನೂ ಕೇಳಲಿಲ್ಲ. ಬಗ್ಗಿ ಮರಳು ಸವರುತ್ತ ನಡೆದು, ಒಂದು ಕಡೆ ನಿಂತು ಬೆರಳು ತೋರಿಸಿದ. ಅಂಗೈ ಆಳದ ಗುಳಿ, ತಳದಲ್ಲಿ ಇನ್ನೂ ಹಸಿಯಾದ ಕಪ್ಪು ಮಣ್ಣು.

"ಕಲ್ಲು ಕುಂತಿದ್ದ ಜಾಗ ತಣ್ಣಗಿರ್ತದೆ ಸ್ವಾಮಿ. ನಿಮ್ಮ್ ಗ್ಯಾನ ಯಾಕೆ, ಇದುನ್ನ ಕೇಳಿ."

ದೊಡ್ಡ ಕಲ್ಲು ಬಲಕ್ಕೇ ಇತ್ತು. ಒಂಬತ್ತು ಗಂಟೆಯೊಳಗೆ ಗುಳಿಗಳಿಗೆ ಸರಿಯಾಗಿ ಕಲ್ಲು ಕೂರಿಸಿ, ಸುಣ್ಣದ ಗೆರೆ ಎಳೆದೆವು.

ಹನ್ನೆರಡು ಸವಾರರು ಬಂದರು. ಮೊದಲನೆಯವನು ಸಿಕ್ಕಿಬಿದ್ದಾಗ ಇಬ್ಬರು ರೈತರು ಓಡಿಹೋಗಿ ಗಾಡಿಯನ್ನು ಎತ್ತಿಯೇ ದಾಟಿಸಿದರು. ಐದು ಬರೆದೆ. ಅವನು ನನ್ನನ್ನು ಬೈದ, ರೈತರು ಅವನನ್ನು ಬೈದರು. ನಿಯಮ ತಿಳಿದ ಮೇಲೆ ಅವರು ನನಗಿಂತ ಕಠಿಣರಾದರು. "ಕಾಲು ಊರ್ಬ್ಯಾಡ ಕಣ್ಲಾ!" ಎಂದು ದಡದಿಂದ ಕೂಗು. ಕ್ಯಾಪ್ಟನ್ನರ ಸೋದರಳಿಯ ರವಿ ಹೊಸ ಗಾಡಿಯಲ್ಲಿ ಬಂದು, ದೊಡ್ಡ ಕಲ್ಲಿನ ಬಳಿ ಒಮ್ಮೆ ಎಡಗಾಲು ಊರಿದ. ಒಂದು ಬರೆದೆ. ಕೊನೆಗೆ ಬಂದವನು ಶಿರಾದ ಮೆಕ್ಯಾನಿಕ್ ರಹಮತ್. ಅವನದು ಮಿಲಿಟರಿ ಹರಾಜಿನ ಹಳೇ ಗಾಡಿ, ಸೈಲೆನ್ಸರನ್ನು ತಾನೇ ಬಡಿದು ಮೇಲಕ್ಕೆ ಬಗ್ಗಿಸಿದ್ದ. ಅದೇ ಕಲ್ಲಿನ ಮೇಲೆ ಗಾಡಿ ಓಲಿತು, ಅವನ ಬಲಗಾಲು ಪೆಡಲು ಬಿಟ್ಟು ಗಾಳಿಗೆ ಬಂತು, ಮತ್ತೆ ಪೆಡಲಿಗೆ ಹೋಯಿತು. ಚಕ್ರ ಗೆರೆ ದಾಟಿತು. ತಲೆಯೆತ್ತದೆ ಬರೆದೆ: ಸೊನ್ನೆ.

ಸ್ಪರ್ಧೆ ಮುಗಿಯುವುದು ಪಾವಗಡದಲ್ಲಿ; ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಹನ್ನೆರಡೂವರೆ. ಬೆಟ್ಟದ ಕೆಳಗೆ ಹುಣಿಸೆಮರದ ನೆರಳಿನಲ್ಲಿ ಮೇಜು ಹಾಕಿ ಎರಡೂ ದಿನಗಳ ತಪ್ಪಂಕ ಕೂಡಿದರು. ರಹಮತನಿಗೆ ಹತ್ತು, ರವಿಗೆ ಹನ್ನೊಂದು. ಗೆದ್ದವನಿಗೆ ಮದರಾಸಿನ ಸ್ಪರ್ಧೆಗೆ ಪ್ರವೇಶ, ಒಬ್ಬನಿಗೆ ಮಾತ್ರ. ಸಮವಾದರೆ ಕ್ಲಬ್ಬಿನ ಸದಸ್ಯನಿಗೆ ಆದ್ಯತೆ. ರವಿ ಸದಸ್ಯ, ರಹಮತ್ ಅಲ್ಲ.

ಇಬ್ಬರು ಸವಾರರು ಮುಂದೆ ಬಂದರು. ಹಳ್ಳದಲ್ಲಿ ರಹಮತನ ಕಾಲು ಕಲ್ಲಿಗೆ ತಗುಲಿದ್ದನ್ನು ದಡದಿಂದ ಕಂಡೆವು ಎಂದರು. ಕ್ಯಾಪ್ಟನ್ ಹಾಳೆಯನ್ನು ನನ್ನ ಮುಂದಿಟ್ಟರು. ನಿಯಮದ ಪ್ರಕಾರ ಅದನ್ನು ನಾನಲ್ಲದೆ ಬೇರೆ ಯಾರೂ ತಿದ್ದುವಂತಿರಲಿಲ್ಲ.

"ನಿಧಾನವಾಗಿ ಜ್ಞಾಪಿಸಿಕೊಳ್ಳಿ, ಮೇಷ್ಟ್ರೇ. ತಗುಲಲೇ ಇಲ್ಲ ಅಂತ ಆಣೆ ಮಾಡಿ ಹೇಳ್ತೀರಾ?"

"ಇಲ್ಲ. ನನ್ನ ನೆನಪಿನ ಮೇಲೆ ಆಣೆ ಮಾಡೋದಿಲ್ಲ."

"ಹಾಗಾದರೆ ಅನುಮಾನ ಇದೆ ಅಂದ ಹಾಗಾಯಿತು."

"ಅನುಮಾನ ನನಗೆ ಎಲ್ಲದರ ಮೇಲೂ ಇದೆ ಸಾರ್. ಅದಕ್ಕೇ ನೋಡುತ್ತಿದ್ದಾಗಲೇ ಬರೆದೆ. ಹತ್ತು ಗಂಟೆಗೆ ಕಣ್ಣು ಬರೆದದ್ದನ್ನು ಒಂದು ಗಂಟೆಗೆ ತಲೆ ತಿದ್ದುವುದು ಬೇಡ."

"ಇಬ್ಬರು ಸಾಕ್ಷಿ ಇದ್ದಾರೆ."

"ಬೆಳಿಗ್ಗೆ ದೊಡ್ಡ ಕಲ್ಲು ಎಡಕ್ಕಿತ್ತು ಅನ್ನೋದಕ್ಕೆ ನಾನೂ ಸಾಕ್ಷಿ ಇದ್ದೆ. ಸುಳ್ಳಾಗಿತ್ತು."

ಅವರ ಮುಖ ಕೆಂಪಾಯಿತು. "ಮುಂದಿನ ವರ್ಷ ನಿಮ್ಮನ್ನು ಕರೆಯೋದಿಲ್ಲ."

"ಬಿಸಿಲಿಗೆ ನಿಲ್ಲಲು ಕರೆಯದಿದ್ದರೆ ಅದನ್ನು ಶಿಕ್ಷೆ ಅಂತೀರಾ?" ಎಂದೆ. ಯಾರೋ ನಕ್ಕರು. ಹಾಳೆ ತಿದ್ದಲಿಲ್ಲ. ರಹಮತನ ಹೆಸರನ್ನು ಗೆದ್ದವನೆಂದು ಓದಿದರು, ಚಪ್ಪಾಳೆ ತೀರಾ ಕಡಿಮೆ ಇತ್ತು. ನನ್ನನ್ನು ತುಮಕೂರಿಗೆ ಬಿಡಬೇಕಾಗಿದ್ದ ಜೀಪು ನಾನು ಕೈ ತೊಳೆದು ಬರುವಷ್ಟರಲ್ಲಿ ಹೋಗಿತ್ತು.

ಎದುರಿನ ಟೀ ಅಂಗಡಿಯವನು ಎಲ್ಲವನ್ನೂ ನೋಡಿದ್ದ. "ಏಮ್ ಸಾರ್, ಬುಟ್ಟು ಹೋದ್ರಾ? ಪರವಾಲೇದು, ಮೂರು ಗಂಟೆಗೆ ಶಿರಾ ಬಸ್ ಉಂದಿ," ಎಂದು ಗಡಿಯ ತೆಲುಗು ಬೆರೆಸಿ ಸಮಾಧಾನ ಹೇಳಿ ಬೆಂಚು ಒರೆಸಿದ.

ರಹಮತ್ ಗಾಡಿ ತಂದು ನಿಲ್ಲಿಸಿದ. "ಕೂತ್ಕೊಳ್ಳಿ ಮೇಷ್ಟ್ರೇ, ಶಿರಾಕ್ಕೆ ಬಿಡ್ತೀನಿ."

"ನಿಮ್ಮ ಹಿಂದೆ ಕೂತರೆ ನಾನು ಬರೆದ ಸೊನ್ನೆಗೆ ಲಂಚದ ವಾಸನೆ ಬರುತ್ತದೆ. ಬಸ್ಸಿಗೆ ಬರುತ್ತೇನೆ."

ಬಸ್ಸು ಹೊಲಗಳ ನಡುವೆ ಧೂಳೆಬ್ಬಿಸುತ್ತ, ಕೈಯೆತ್ತಿದ ಕಡೆಯೆಲ್ಲ ನಿಲ್ಲುತ್ತ, ಆರು ಗಂಟೆಗೆ ಶಿರಾ ಮುಟ್ಟಿತು. ರಹಮತನ ಶೆಡ್ಡು ಬಸ್ ಸ್ಟ್ಯಾಂಡಿನ ಎದುರಿಗೇ. ಕೈಯೊರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು, ನನ್ನ ತುಮಕೂರು ಬಸ್ಸಿನ ಕಿಟಕಿಯ ಹತ್ತಿರ ಬಂದ.

"ಒಂದು ಮಾತು ಮೇಷ್ಟ್ರೇ. ನನ್ನ ಕಾಲು ಆ ಕಲ್ಲಿಗೆ…"

"ಹೇಳಬೇಡಿ!" ಎಂದೆ. "ನೀವು ಏನೇ ಹೇಳಿದರೂ ನಾಳೆಯಿಂದ ನನಗೆ ಅದೇ ನೆನಪಾಗುತ್ತದೆ."

ಅವನು ಜೋರಾಗಿ ನಕ್ಕ. "ಯಾ ಅಲ್ಲಾ! ಗಾಡಿ ರಿಪೇರಿ ಮಾಡ್ಬೋದು, ಓದಿದೋರ ತಲೆ ಮಾಡಕ್ಕಾಗಲ್ಲ. ಹೋಗ್ಲಿ, ಮದರಾಸಿಂದ ಕಾಗದ ಬರೀತೀನಿ."

ಬಸ್ಸು ಹೊರಟಿತು. ತಿರುಗಿ ನೋಡಿದೆ. ಶೆಡ್ಡಿನ ಮುಂದೆ ಅವನು ಆಗಲೇ ಕುಕ್ಕರುಗಾಲಲ್ಲಿ ಕೂತು ತನ್ನ ಗಾಡಿಯ ಹಿಂದಿನ ಚಕ್ರ ಬಿಚ್ಚುತ್ತಿದ್ದ.

ಇದಾಗಿ ತಿಂಗಳಾಯಿತು. ಈಗ ಕಣ್ಣು ಮುಚ್ಚಿದರೆ ರಹಮತನ ಬಲಗಾಲು ಆ ಕಲ್ಲಿಗೆ ತಗುಲುವುದು ಕಾಣುತ್ತದೆ. ಬೂಟಿನ ತುದಿಯಿಂದ ಪುಡಿ ಉದುರುವುದು ಕೂಡ ಕಾಣುತ್ತದೆ. ಮೊದಲ ವಾರ ಅದು ಇರಲಿಲ್ಲ, ಇಬ್ಬರು ಸವಾರರ ಮಾತನ್ನು ನನ್ನ ತಲೆ ಯಾವಾಗಲೋ ಚಿತ್ರ ಮಾಡಿಕೊಂಡಿದೆ. ಮಾಡಿಕೊಳ್ಳಲಿ. ಕ್ಯಾಪ್ಟನ್ನರ ಕಡತದಲ್ಲಿ ನೇರಳೆ ಸೊನ್ನೆಯಿದೆ. ಹನುಮಂತಪ್ಪ ತೋರಿಸಿದ ಹಸಿ ಗುಳಿಯ ಹಾಗೆ, ಆ ಕ್ಷಣ ಉಳಿಸಿಹೋದ ಗುರುತು ಅದು. ನಾಳೆ ಕರೆದು ಮತ್ತೆ ಕೇಳಿದರೂ ನಾನು ತಿದ್ದುವುದಿಲ್ಲ.